ಬೀಗದ ಕೈ ಯಾರ ಹತ್ತಿರ ಇದೆ?
ಹಳೇ ಜಾಗತಿಕ ಸಂಸ್ಥೆಗಳನ್ನು ಸುಧಾರಿಸದೆ ಪ್ರಜಾಪ್ರಭುತ್ವ ಗಟ್ಟಿಯಾಗಲ್ಲ ಅಂತ ನಾನು ಓದಿದ ಒಂದು ಲೇಖನದಲ್ಲಿ ಲೇಖಕರು ಬರೆದಿದ್ದಾರೆ. ಒಪ್ಪಿದೆ. ಆದರೆ ಆ ಸುಧಾರಣೆಗೆ ಹೂಂ ಅನ್ನಬೇಕಾದವರು ಯಾರು ಅನ್ನೋದನ್ನು ಸುಮ್ನೆ ಹಾರಿಸಿಬಿಟ್ಟಿದ್ದಾರೆ, ಕಷ್ಟ ಇರುವುದೇ ಅಲ್ಲಿ ಅಲ್ವಾ?

ಕಷ್ಟದಲ್ಲಿರುವ ದೇಶಗಳಿಗೆ ಸಾಲ ಕೊಡುವ ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ನೋಡಿ. ಅಲ್ಲಿ ದೇಶಕ್ಕೊಂದು ಓಟಲ್ಲ, ಕೋಟಾ, ಅಂದ್ರೆ ನಿಧಿಯಲ್ಲಿ ಆ ದೇಶದ ಹಣದ ಪಾಲು, ದೊಡ್ಡದಿದ್ದಷ್ಟೂ ಓಟು ಜಾಸ್ತಿ. ಕೋಟಾ ಬದಲಿಸಲು ಶೇ. 85 ಓಟು ಬೇಕು, ಅಮೆರಿಕ ಒಂದರ ಕೈಯಲ್ಲೇ ಶೇ. 16ಕ್ಕಿಂತ ಜಾಸ್ತಿ ಇದೆ. ಉಳಿದವರೆಲ್ಲ ಒಟ್ಟಿಗೆ ಕೈ ಎತ್ತಿದರೂ 85 ಮುಟ್ಟಲ್ಲ! 2010ರಲ್ಲಿ ಒಪ್ಪಿದ ಸುಧಾರಣೆ ಜಾರಿಗೆ ಬಂದಿದ್ದು 2016ರಲ್ಲಿ, ಯಾಕಂದ್ರೆ ಅಮೆರಿಕದ ಸಂಸತ್ತು ಅಲ್ಲಿಯವರೆಗೆ ಅದನ್ನು ಎಳೆದಾಡಿತು.

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯದ್ದೂ ಇದೇ ಕಥೆ. 1965ರಲ್ಲಿ ಸದಸ್ಯರು 11ರಿಂದ 15 ಆದರು, ವಿಟೋ (ಒಬ್ಬರೇ ಬೇಡ ಅಂದರೂ ನಿರ್ಣಯ ಬೀಳಿಸುವ ಹಕ್ಕು) ಮಾತ್ರ ಅದೇ ಐದು ಕಾಯಂ ಸದಸ್ಯ ದೇಶಗಳ ಹತ್ತಿರ ಉಳಿಯಿತು. ಅದನ್ನು ತೆಗೆಯೋಕೂ ಆ ಐವರೇ ಒಪ್ಪಬೇಕಂತೆ.

ನನ್ನ ಕೇಳಿದರೆ ಸುಲಭದ್ದರಿಂದ ಶುರು ಮಾಡಲಿ. ಐಎಂಎಫ್ ಮುಖ್ಯಸ್ಥರು ಯಾವಾಗಲೂ ಯುರೋಪಿನವರು, ವಿಶ್ವಬ್ಯಾಂಕಿಗೆ ಅಮೆರಿಕದವರು. ಇದು ಯಾವ ಕಾನೂನಿನಲ್ಲೂ ಬರೆದಿಲ್ಲ, ಬರೀ ರೂಢಿ. ಇದನ್ನು ಬಿಡೋಕೆ ಯಾವ ತಿದ್ದುಪಡಿಯೂ ಬೇಕಿಲ್ಲ.