ಬಿಸಿ ಪಾತ್ರೆಗೊಂದು ಪುಟ್ಟ ಕೌದಿ

ಅಮೆರಿಕಕ್ಕೆ ಬಂದ ಮೊದಲ ವರ್ಷ, ಪಕ್ಕದ ಮನೆಯವರು ಕ್ರಿಸ್‌ಮಸ್‌ಗೆ ಅಂತ ತಾವೇ ಹೊಲಿದ ಎರಡು ಪಾಟ್‌ಹೋಲ್ಡರ್ ಕೊಟ್ಟಿದ್ದರು. ಬಿಸಿ ಪಾತ್ರೆ ಹಿಡಿಯೋಕೆ 8 ಇಂಚಿನ ಚೌಕಗಳು. ಸಣ್ಣ ಸಣ್ಣ ತ್ರಿಕೋನಗಳು ಮೂಲೆಗೆ ಮೂಲೆ ತಾಗಿ ಕೂತಿದ್ದವು. ಒಂದು ಎಳೆಯಷ್ಟೂ ಆಚೀಚೆ ಇಲ್ಲ. ಹಾಳಾದೀತು ಅಂತ ಗೋಡೆಗೆ ನೇತುಹಾಕಿದೆ. ಒಲೆ ಹತ್ತಿರ ಹಳೇ ಮಸಿಬಟ್ಟೆಯೇ ಇತ್ತು.

ಈಗ ನಾನೇ ಹೊಲಿದು ಕೊಡುತ್ತೇನೆ. ನನ್ನ ಪ್ರಕಾರ ಇಂಥ ಉಡುಗೊರೆ ಗೋಡೆ ಮೇಲಲ್ಲ, ಕೈಯಲ್ಲಿರಬೇಕು. ಅದಕ್ಕೆ ಹಳೇ ಬಟ್ಟೆಯೇ ಸರಿ.

ಇಲ್ಲಿ ಹೆಚ್ಚಿನವರು ಹೊಸ ಬಟ್ಟೆ ಕೊಂಡು, ಅಳತೆಪಟ್ಟಿ ಇಟ್ಟು ಕತ್ತರಿಸುತ್ತಾರೆ. ನಮ್ಮ ಕೌದಿ ಹುಟ್ಟೋದೇ ಉಟ್ಟು ಸವೆದ ಸೀರೆ, ಪಂಚೆಯಿಂದ. ಇಲ್ಲಿನವರು ಮೊದಲು ತುಂಡು ಜೋಡಿಸಿ, ಆಮೇಲೆ ಪದರಗಳನ್ನು ಸೇರಿಸಿ ಹೊಲಿಯುತ್ತಾರೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು ತಮ್ಮ ಕೌದಿಯಾದ ಕವಂದಿಯನ್ನು ಅಂಚಿನಿಂದ ಶುರು ಮಾಡಿ, ತುಂಡಿನ ಪಕ್ಕ ತುಂಡು ಇಡುತ್ತಾ, ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಚಿ ‘ಫೂಲ’, ಅಂದರೆ ಹೂವು, ಇಡುತ್ತಾರೆ. ನನ್ನ ಚೌಕಗಳ ಒಂದು ಮೂಲೆಗೆ ನಾನೂ ಹಾಗೆ ಒಂದು ಮಡಿಕೆ ಇಡುತ್ತೇನೆ. ಕೊಕ್ಕೆಗೆ ಸಿಕ್ಕಿಸುವ ಕುಣಿಕೆ ಅದರ ಕೆಳಗೇ.

ಆದರೆ ಬಿಸಿಯ ವಿಷಯದಲ್ಲಿ ಕೌದಿಯ ಒತ್ತು ಹೊಲಿಗೆ ನಡೆಯಲ್ಲ, ಅದನ್ನು ಕೈ ಸುಟ್ಟುಕೊಂಡೇ ಕಲಿತೆ. ಮೊದಲನೆಯದನ್ನು ಥೇಟ್ ಕೌದಿ ಥರ, ಬೆರಳಗಲಕ್ಕೊಂದು ಸಾಲು ಹಾಕಿ ಹೊಲಿದಿದ್ದೆ. ನೋಡೋಕೆ ಬಲು ಚಂದ. ಓವನ್‌ನಿಂದ ಟ್ರೇ ತೆಗೆದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಬೆರಳು ಚುರ್ ಅಂತು. ಬಿಸಿ ತಡೆಯೋದು ಬಟ್ಟೆಗಿಂತ ಜಾಸ್ತಿ ಅದರೊಳಗೆ ಸಿಕ್ಕಿಕೊಂಡ ಗಾಳಿ. ಹೊಲಿಗೆ ಒತ್ತಾದರೆ ಪದರ ಚಪ್ಪಟೆಯಾಗಿ ಗಾಳಿಗೆ ಜಾಗವೇ ಇರಲ್ಲ. ಈಗ ಇಂಚಿಗೊಂದು ಸಾಲು, ಅಷ್ಟೇ ಸಾಕು.

ಇನ್ನೊಂದು ಸಲ ಬಣ್ಣ ಚೆನ್ನಾಗಿದೆ ಅಂತ ಪಾಲಿಯೆಸ್ಟರ್ ಸೀರೆಯ ತುಂಡು ಹಾಕಿದ್ದೆ. ಕಾದ ಕಬ್ಬಿಣದ ಬಾಣಲೆಗೆ ತಾಗಿದ್ದೇ ತಡ, ಕರಗಿ ಅಂಟಿಕೊಂಡಿತು. ಬಟ್ಟೆ, ದಾರ, ಅಂಚಿನ ಪಟ್ಟಿ ಎಲ್ಲವೂ ಅಪ್ಪಟ ಹತ್ತಿಯದ್ದೇ ಆಗಿರಬೇಕು. ನಡುವೆ ದಪ್ಪ ಹತ್ತಿ ಪದರ. ಅದರ ಜೊತೆಗೆ, ಶಾಖ ತಡೆಯೋಕೆಂದೇ ಹೊಳೆಯುವ ತೆಳು ಹಾಳೆ ಸೇರಿಸಿ ಮಾಡಿದ ಪದರವೂ ಇಲ್ಲಿ ಸಿಗುತ್ತದೆ. ಅದು ಒಳಗಿದ್ದರೆ ಮೈಕ್ರೊವೇವ್‌ನಲ್ಲಿ ಇಡಬೇಡಿ ಅಂತ ಹೇಳಿಯೇ ಕೊಡಬೇಕು, ಲೋಹ ಲೇಪಿಸಿದ ಹಾಳೆ ಅಲ್ವಾ. ಒದ್ದೆಯಾದಾಗ ಬಳಸಬೇಡಿ ಅಂತಲೂ ಹೇಳುತ್ತೇನೆ. ನೀರು ಕುಡಿದ ಬಟ್ಟೆ ಬಿಸಿಯನ್ನು ಸೀದಾ ಕೈಗೆ ದಾಟಿಸುತ್ತದೆ. ಮಸಿಬಟ್ಟೆ ಹಿಡಿದು ಬೆಳೆದ ನಮಗೆ ಇದು ಗೊತ್ತು.

ಹಳೇ ಬಟ್ಟೆಗೆ ಇನ್ನೊಂದು ಅನುಕೂಲವಿದೆ. ಎಷ್ಟೋ ಸಲ ಒಗೆದದ್ದಾದ್ದರಿಂದ ಮತ್ತೆ ಕುಗ್ಗೋದು, ಬಣ್ಣ ಬಿಡೋದು ಕಡಿಮೆ. ತೀರಾ ಸವೆದ ಭಾಗ ಮಾತ್ರ ಬೇಡ.

ಕಳೆದ ತಿಂಗಳು, ಹಿಂದೊಮ್ಮೆ ನಾನು ಚೌಕ ಹೊಲಿದು ಕೊಟ್ಟಿದ್ದ ಗೆಳೆಯನ ಮನೆಗೆ ಹೋಗಿದ್ದೆ. ನಾನು ಕೊಟ್ಟದ್ದು ಒಲೆ ಪಕ್ಕದಲ್ಲೇ ಇತ್ತು. ಒಂದು ಬದಿ ಕಂದು ತಿರುಗಿತ್ತು, ಅಂಚಿನ ಪಟ್ಟಿ ಎರಡಿಂಚು ಬಿಟ್ಟುಕೊಂಡಿತ್ತು. ಎಷ್ಟು ಖುಷಿಯಾಯಿತು ಗೊತ್ತಾ! ಸೂಜಿ ಕೇಳಿ ಇಸಿದುಕೊಂಡು, ಅಲ್ಲೇ ಕೂತು ಹೊಲಿಗೆ ಹಾಕಿ ಬಂದೆ.