ಹಾರ ಹಾಕಿಸಿದರಷ್ಟೇ ರಾಜಿಯೇನು?

ಲೋಕ ಅದಾಲತ್ ಮುಗಿದ ಮರುದಿನ ಪೇಪರ್ ಬಿಡಿಸಿದರೆ ಆ ಫೋಟೊ ಇದ್ದೇ ಇರುತ್ತದೆ. ನಡುವೆ ನ್ಯಾಯಾಧೀಶರು, ಆಚೀಚೆ ಗಂಡ ಹೆಂಡತಿ, ಕೊರಳಲ್ಲಿ ಚೆಂಡು ಹೂವಿನ ಹಾರ, ಕೈಯಲ್ಲಿ ಪೇಢೆ. ‘ಮತ್ತೆ ಒಂದಾದ ಜೋಡಿಗಳು’. ಈ ಸಲವೂ ಬಂತು. ನಮ್ಮ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಸಾಲು ಸಾಲು ಕೈಮುಗಿದ ಚಿತ್ರ ಬಿದ್ದವು. ನಾನೂ ಒಂದು ಒತ್ತಿದೆ. ಒತ್ತಿದ ಮೇಲೆ ಆ ಹೆಣ್ಣುಮಗಳ ಮುಖ ದೊಡ್ಡದು ಮಾಡಿ ನೋಡಿದೆ. ಆಕೆ ಕ್ಯಾಮೆರಾ ಕಡೆ ನೋಡುತ್ತಿರಲಿಲ್ಲ. ಹಾರದ ದಾರ ಕೊರಳಿಗೆ ಚುಚ್ಚುತ್ತಿತ್ತೋ ಏನೋ, ಒಂದು ಕೈಯಿಂದ ಅದನ್ನು ಎತ್ತಿ ಹಿಡಿದಿದ್ದಳು.

ಕೂಡಿ ಬಾಳುತ್ತೇವೆ ಅನ್ನುವವರ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರು ಇರುವುದು ಲೆಕ್ಕದ ಬಗ್ಗೆ. ಇಂಥ ಊರಲ್ಲಿ ಇಷ್ಟು ಜೋಡಿ ಒಂದಾದವು ಅಂತ ಬರೆಯುತ್ತಾರೆ. ಇಷ್ಟು ಜೋಡಿ ಮಾನದಿಂದ ಬೇರೆಯಾದವು, ಇಷ್ಟು ಮಕ್ಕಳಿಗೆ ಅಪ್ಪನೂ ಉಳಿದ, ಅವ್ವನೂ ಉಳಿದಳು ಅಂತ ಯಾವತ್ತಾದರೂ ಓದಿದ್ದೀರಾ? ನಮ್ಮ ಮನೆಯದು ಆ ಎರಡನೇ ಲೆಕ್ಕ. ಅದಕ್ಕೆ ಫೋಟೊ ಇಲ್ಲ.

(ತಮ್ಮನ ವಿಚ್ಛೇದನದ ಕೇಸಿನಲ್ಲಿ ಕೋರ್ಟು ನಮ್ಮನ್ನು ಮಧ್ಯಸ್ಥಿಕೆಗೆ, ಅಂದರೆ ರಾಜಿ ಮಾತುಕತೆಗೆ ಕಳಿಸಿತ್ತು. ಆ ಕೋಣೆಯೊಳಗಿನ ಮಾತು ಹೊರಗೆ ಆಡುವಂತಿಲ್ಲ. ಹಾಗಾಗಿ ನನ್ನ ತಮ್ಮನನ್ನೂ, ಅವನ ಹೆಂಡತಿಯಾಗಿದ್ದವಳನ್ನೂ ಕೇಳಿಕೊಂಡೇ ಬರೆಯುತ್ತಿದ್ದೇನೆ. ‘ಬರೀರಿ ಅಕ್ಕಾರ, ಆದ್ರ ನಮ್ಮೂರ ಹೆಸರ ಹಾಕಬ್ಯಾಡ್ರಿ’ ಅಂದಳು. ಜಮಖಂಡಿ ಕಡೆಯವಳು ಅಂತಷ್ಟೇ ಇಟ್ಟುಕೊಳ್ಳಿ.)

ನಾವು ವಿಜಯಪುರದವರು. ತಮ್ಮನದು ತಿಕೋಟಾ ಕಡೆ ನಾಲ್ಕು ಎಕರೆ ದ್ರಾಕ್ಷಿ. 2015ರಲ್ಲಿ ಮದುವೆ, ಎರಡು ವರ್ಷಕ್ಕೆ ಮಗಳು. 2020ರ ಹೊತ್ತಿಗೆ ಮನೆಯಲ್ಲಿ ಮಾತೇ ನಿಂತಿತ್ತು. ಆಗ ನಾವೂ ಎಲ್ಲರೂ ಮಾಡುವುದನ್ನೇ ಮಾಡಿದೆವು. ಹಿರಿಯರನ್ನು ಕೂಡಿಸಿದೆವು.

ಆ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಾಕಾನ ಮನೆಯ ಪಡಸಾಲೆ, ಜಮಖಾನೆ ಮೇಲೆ ಹನ್ನೊಂದು ಜನ, ಎಲ್ಲರೂ ಗಂಡಸರು. ತಮ್ಮನ ಹೆಂಡತಿ ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದಳು. ನಾನು ಚಹಾ ಸೋಸುತ್ತಿದ್ದೆ. ‘ಗಂಡ ಹೆಂಡಿರ ಜಗಳ ಉಂಡ ಮಲಗೂ ತನಕ, ಹೆಣ್ಣಮಗಳು ಸ್ವಲ್ಪ ತಾಳ್ಕೊಂಡ ಹೋಗಬೇಕು’ ಅಂದರು ಒಬ್ಬ ಹಿರಿಯರು. ಆಕೆಗೆ ಏನು ಬೇಕು ಅಂತ ಯಾರೂ ಕೇಳಲಿಲ್ಲ. ನನ್ನ ತಮ್ಮನನ್ನೂ ಕೇಳಲಿಲ್ಲ, ಅದನ್ನೂ ಹೇಳಬೇಕು. ನೂರು ರೂಪಾಯಿ ಬಾಂಡಿನ ಮೇಲೆ ‘ಇನ್ನು ಮೇಲೆ ಸರಿಯಾಗಿ ನೋಡಿಕೊಳ್ಳುತ್ತೇನೆ’ ಅಂತ ಮುಚ್ಚಳಿಕೆ ಬರೆಸಿ, ಸಹಿ ಹಾಕಿಸಿ, ಊಟ ಮಾಡಿ ಎದ್ದರು. ಮೂರು ತಿಂಗಳಿಗೆ ಆಕೆ ಕೂಸನ್ನು ಎತ್ತಿಕೊಂಡು ಕೃಷ್ಣಾ ದಾಟಿ ತವರಿಗೆ ಹೋದಳು. ಎರಡನೇ ಸಲ ಕೂಡಿದಾಗ ಅದೇ ಹಿರಿಯರು, ‘ಸೋಡಚೀಟಿ ಬರದ ಬಿಡ್ರಿ, ಹಿಂದಕ ಹಂಗ ಮಾಡತಿದ್ರು’ ಅಂದರು. ಸೋಡಚೀಟಿ ಅಂದರೆ ಗಂಡ ಹೆಂಡತಿ ಬಿಟ್ಟೆವು ಅಂತ ಬರೆದುಕೊಳ್ಳುವ ಚೀಟಿ.

ಇದನ್ನು ಇನ್ನೂ ನಂಬಿಕೊಂಡಿರುವವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ. ಬಾಂಡಿನ ಮೇಲೆ ಬರೆಸಿ ನೋಟರಿ ಶಿಕ್ಕಾ ಹೊಡೆಸಿದರೆ ವಿಚ್ಛೇದನ ಆಗುವುದಿಲ್ಲ. ಜಾತಿಯ ರೂಢಿಯಲ್ಲಿ ಬಿಡುಗಡೆ ಇದ್ದರೆ 1955ರ ಹಿಂದೂ ವಿವಾಹ ಕಾಯ್ದೆ ಅದನ್ನು ಉಳಿಸಿದೆ ನಿಜ. ಆದರೆ ಅಂಥ ರೂಢಿ ಇದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡುವ ಹೊಣೆ ಹಾಗೆ ಹೇಳುವವನದೇ. ಸಾಬೀತಾಗದಿದ್ದರೆ ಆ ಚೀಟಿ ನಂಬಿ ಆದ ಎರಡನೇ ಮದುವೆ ಮದುವೆಯೇ ಅಲ್ಲ. ಆಗ ಬಾಂಡ್ ಬರೆಸಿದ ಹಿರಿಯರು ಯಾರೂ ಸಾಕ್ಷಿಗೆ ಬರುವುದಿಲ್ಲ.

ಆಮೇಲೆ ಕೇಸು. ಜಗಳ ಒಂದು, ಕೇಸು ಮೂರು. ತಮ್ಮ ವಿಜಯಪುರದಲ್ಲಿ ವಿಚ್ಛೇದನಕ್ಕೆ ಹಾಕಿದ, ಆಕೆ ಜೀವನಾಂಶಕ್ಕೆ ಹಾಕಿದಳು, ಅವಳೂರ ಠಾಣೆಯಲ್ಲಿ 498ಎ, ಅಂದರೆ ಗಂಡ ಮತ್ತವನ ಮನೆಯವರು ಕಿರುಕುಳ ಕೊಟ್ಟರು ಅನ್ನುವ ಕ್ರಿಮಿನಲ್ ಕೇಸು, ದಾಖಲಾಯಿತು. ಎಫ್‌ಐಆರ್‌ನಲ್ಲಿ ಮೂರನೇ ಆರೋಪಿ ನಾನು. ಕಾಲೇಜು ಆಫೀಸಿನಲ್ಲಿ ಕೂತು ಹುಡುಗರ ಫೀ ರಶೀದಿ ಹರಿದು ಕೊಡುವವಳು ನಿರೀಕ್ಷಣಾ ಜಾಮೀನು ಅನ್ನುವ ಪದ ಕಲಿತೆ. ಎರಡು ವರ್ಷ ಬರೀ ತಾರೀಖು. ಬೆಳಿಗ್ಗೆ ಹೋಗುವುದು, ಹೆಸರು ಕೂಗುವ ತನಕ ಕಟ್ಟೆಯ ಮೇಲೆ ಕೂಡುವುದು, ಮುದ್ದತ್ತು ಬಿತ್ತು ಅಂದ ಮೇಲೆ ಒಂದು ಸಿಂಗಲ್ ಚಹಾ ಕುಡಿದು ಬರುವುದು. ಆಕೆ ಕೂಸನ್ನು ಕರೆದುಕೊಂಡು ಎದುರಿನ ಬೆಂಚಿನಲ್ಲಿ ಕೂತಿರುತ್ತಿದ್ದಳು. ‘ಅತ್ತಿ’ ಅಂತ ನನ್ನ ಕಡೆ ಓಡಿ ಬರಲು ಹೊರಟ ಕೂಸಿನ ಫ್ರಾಕು ಹಿಂದಿನಿಂದ ಜಗ್ಗಿ ಕೂಡಿಸಿದ್ದನ್ನು ನಾನು ಬಹಳ ದಿನ ಕ್ಷಮಿಸಲಿಲ್ಲ. ಆಕೆಯ ಜಾಗದಲ್ಲಿ ನಾನಿದ್ದರೂ ಜಗ್ಗುತ್ತಿದ್ದೆ.

ಕೌಟುಂಬಿಕ ನ್ಯಾಯಾಲಯ ಅಂತ ಬೇರೆ ಮಾಡಿದ್ದೇ ರಾಜಿಗಾಗಿ. 1984ರ ಕಾಯ್ದೆಯ 9ನೇ ಕಲಂ ಪ್ರಕಾರ, ಮೊದಲು ಇಬ್ಬರನ್ನೂ ರಾಜಿಗೆ ತರಲು ಪ್ರಯತ್ನಿಸುವುದು ಆ ಕೋರ್ಟಿನ ಕರ್ತವ್ಯ. ಹಾಗೇ ನಮ್ಮನ್ನೂ ಮಧ್ಯಸ್ಥಿಕೆಗೆ ಕಳಿಸಿದರು. ಮೊದಲ ಸಲ ಏನಾಯಿತು ಗೊತ್ತೇ? ‘ಹೋಗಿ, ಆಗೂದಿಲ್ಲ ಅಂತ ಹೇಳಿ ಬಂದ್ಬಿಡ್ರಿ’ ಅಂತ ಎರಡೂ ಕಡೆಯ ವಕೀಲರು ಬುದ್ಧಿ ಹೇಳಿ ಕಳಿಸಿದ್ದರು. ಹತ್ತು ನಿಮಿಷಕ್ಕೆ ‘ನಾಟ್ ಸೆಟಲ್ಡ್’. ಎರಡನೇ ಸಲ ನ್ಯಾಯಾಧೀಶರೇ ಒತ್ತಿ ಹೇಳಿ ಕಳಿಸಿದ್ದರಿಂದ ನಾವು ನಿಜವಾಗಿ ಕೂತೆವು.

ಅದು ಕೋರ್ಟಿನ ಆವರಣದಲ್ಲೇ ಒಂದು ಸಣ್ಣ ಕೋಣೆ. ಒಂದು ಟೇಬಲ್ಲು, ನಾಲ್ಕಾರು ಖುರ್ಚಿ, ನೀರಿನ ತಂಬಿಗೆ. ಎತ್ತರದ ಪೀಠ ಇಲ್ಲ, ಕೂಗುವ ಜವಾನ ಇಲ್ಲ, ಕೊಡಬೇಕಾದ ಫೀ ಇಲ್ಲ. ಮಧ್ಯಸ್ಥಗಾರರು ಒಬ್ಬ ಹಿರಿಯ ವಕೀಲೆ, ನಮ್ಮ ಎರಡೂ ಕಡೆಗೆ ಸಂಬಂಧವಿಲ್ಲದವರು. ‘ನಾ ತೀರ್ಪ ಕೊಡಾಕ ಕುಂತಿಲ್ಲ. ಇಲ್ಲಿ ನೀವ ಆಡಿದ ಮಾತ ಕೋರ್ಟಿಗೆ ಹೋಗೂದಿಲ್ಲ. ಆತು ಇಲ್ಲಾ ಆಗಲಿಲ್ಲ, ಇಷ್ಟ ನಾ ಬರದ ಕಳಸೂದು’ ಅಂದರು.

ಮೊದಲು ಸಾಮಾನಿನ ಪಟ್ಟಿ ತೆಗೆದರು. ತಿಜೋರಿ ಒಂದು. ಮಂಚ ಒಂದು, ಗಾದಿ ಎರಡು. ಹಿತ್ತಾಳೆ ಕೊಡ ಎರಡು. ಬಾಂಡೆ ಸಾಮಾನು ಒಂದು ಗೋಣಿಚೀಲ. ಎಲ್ಲದಕ್ಕೂ ತಮ್ಮ ಹೂಂ ಅಂದ. ಕೊನೆಯದು ಬೋರಮಾಳ, ಎರಡೂವರೆ ತೊಲೆ. ‘ಅದು ನನಗ ಗೊತ್ತಿಲ್ಲ’ ಅಂದ. ಆಕೆ ಟೇಬಲ್ಲಿಗೆ ಕೈ ಬಡಿದು, ‘ಅದು ನಮ್ಮ ಆಯಿದು! ಅಕ್ಕಾರ ಕೊಳ್ಳಾಗ ಐತಿ ಅಂತ ಮಂದಿ ನೋಡ್ಯಾರ’ ಅಂದಳಂತೆ.

ನನ್ನ ಕೊರಳಲ್ಲಿ ಬೋರಮಾಳ ಇತ್ತು. ನನ್ನ ಮದುವೆಗೆ ಅವ್ವ ಹಾಕಿದ್ದು. ಎಫ್‌ಐಆರ್‌ನಲ್ಲಿ ನನ್ನ ಹೆಸರು ಯಾಕೆ ಬಂತು ಅನ್ನುವುದು ನನಗೆ ತಿಳಿದದ್ದೇ ಆವತ್ತು. ಇಬ್ಬರ ಒಪ್ಪಿಗೆ ತೆಗೆದುಕೊಂಡು ಆಗ ನನ್ನನ್ನೂ ಒಳಗೆ ಕರೆದರು. ಸರ ಬಿಚ್ಚಿ ಟೇಬಲ್ಲಿನ ಮೇಲಿಟ್ಟೆ. ಆಕೆ ಎತ್ತಿ ಕೊಂಡಿ ನೋಡಿದಳು, ಗುಂಡು ಎಣಿಸಿದಳು, ಮೆಲ್ಲಗೆ ನನ್ನ ಕಡೆ ಸರಿಸಿದಳು. ‘ಇದಲ್ಲ.’

ಆಮೇಲೆ ಮಧ್ಯಸ್ಥಗಾರರು ನಮ್ಮನ್ನೆಲ್ಲ ಹೊರಗೆ ಕಳಿಸಿ ತಮ್ಮನೊಬ್ಬನನ್ನೇ ಕೂಡಿಸಿಕೊಂಡರು. ಹೀಗೆ ಒಬ್ಬೊಬ್ಬರನ್ನೇ ಕೂಡಿಸಿ ಕೇಳುವುದು ಅಲ್ಲಿಯ ಪದ್ಧತಿ. ಹಾಗೆ ಹೇಳಿದ್ದನ್ನು ಹೇಳಿದವರ ಒಪ್ಪಿಗೆ ಇಲ್ಲದೆ ಎದುರಿನವರಿಗೆ ತಿಳಿಸುವಂತಿಲ್ಲ. ನಲವತ್ತು ನಿಮಿಷ ಆಯಿತು. ನಮ್ಮನ್ನು ಮತ್ತೆ ಕರೆದಾಗ ತಮ್ಮ ತಲೆ ಎತ್ತಲಿಲ್ಲ. ‘ನೀವ ಹೇಳ್ತೀರೋ, ನಾ ಹೇಳ್ಲೋ?’ ಅಂದರು ಅವರು. ತಮ್ಮನೇ ಹೇಳಿದ. 2018ರ ಬ್ಯಾಸಿಗಿಯಾಗ ದ್ರಾಕ್ಷಿ ಒಣಗುತ್ತಿತ್ತು. ಬೋರ್ ಕೊರೆಸಲು ಸರ ಸೊಸೈಟಿಯಲ್ಲಿ ಅಡವಿಟ್ಟ. ಆರುನೂರು ಅಡಿ ಹೋದರೂ ಧೂಳೇ ಬಂತು. ಬಡ್ಡಿ ಏರಿತು. ಹೇಳಲು ನಾಚಿಕೆ.

ಆಕೆ ಎಷ್ಟೋ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಕೇಳಿದ್ರ ನಾನ ಬಿಚ್ಚಿ ಕೊಡತಿದ್ನೆಲ್ಲೋ’ ಅಂದಳು. ಅದುವರೆಗೆ ಎಂದೂ ಆಕೆ ಅವನಿಗೆ ಏಕವಚನದಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಆವತ್ತೇ ಇಬ್ಬರೂ ಕೂಡಿದರು ಅಂತ ಬರೆದರೆ ಕಥೆ ಚಂದ ಆಗುತ್ತಿತ್ತು. ಕೂಡಲಿಲ್ಲ. ಹೇಳದೇ ಇರುವವನ ಜೊತೆ ಇರಲಾರೆ ಅಂದಳು ಆಕೆ. ಅವನಿಗೂ ಆ ಮನೆಯಲ್ಲಿ ಅಪರಾಧಿಯಂತೆ ಬದುಕುವುದು ಸಾಕಾಗಿತ್ತು. ಆದರೆ ಅಂದಿನಿಂದ ಇಬ್ಬರೂ ಸುಳ್ಳು ಬಿಟ್ಟು ಲೆಕ್ಕ ಮಾಡಿದರು. ಇನ್ನೂ ನಾಲ್ಕು ಸಲ ಕೂತ ಮೇಲೆ ಒಪ್ಪಂದ ಆಯಿತು. ಅಡವಿಟ್ಟ ಸರ ಬಿಡಿಸಿ ಸರವನ್ನೇ ಕೊಡುವುದು, ರೊಕ್ಕ ಅಲ್ಲ. ಮಗಳ ಹೆಸರಲ್ಲಿ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ, ತಿಂಗಳ ಖರ್ಚು ಬೇರೆ. ಮಗಳು ಅವ್ವನ ಹತ್ತಿರ. ಪಂಚಮಿ ಹಬ್ಬ ಅವ್ವನ ಕಡೆ, ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ಅಪ್ಪನ ಕಡೆ, ಬೇಸಿಗೆ ರಜೆ ಅರ್ಧರ್ಧ. ಅಜ್ಜಿ ಸಂಜೆ ಏಳರ ಮೇಲೆ ಯಾವತ್ತು ಬೇಕಾದರೂ ಫೋನ್ ಮಾಡಬಹುದು. ಇದು ನಮ್ಮವ್ವ ಅತ್ತು ಸೇರಿಸಿದ್ದು.

ಯಾವ ನ್ಯಾಯಾಧೀಶರು ಪಂಚಮಿ, ಜಾತ್ರೆ ಅಂತ ಆದೇಶ ಬರೆಯುತ್ತಾರೆ? ಅವರಿಗೆ ಅಷ್ಟು ಪುರುಸೊತ್ತೂ ಇಲ್ಲ, ಅದು ಅವರ ಕೆಲಸವೂ ಅಲ್ಲ. ಹೆಚ್ಚೆಂದರೆ ಎರಡನೇ, ನಾಲ್ಕನೇ ಭಾನುವಾರ ಹತ್ತರಿಂದ ಐದು ಅಂತ ಆಗುತ್ತಿತ್ತು.

ಉಳಿದದ್ದು ಕಾಗದದ ಕೆಲಸ. ಪರಸ್ಪರ ಒಪ್ಪಿಗೆಯ ವಿಚ್ಛೇದನ 1976ರ ತಿದ್ದುಪಡಿಯಲ್ಲಿ ಹಿಂದೂ ವಿವಾಹ ಕಾಯ್ದೆಗೆ 13ಬಿ ಕಲಂ ಅಂತ ಬಂದದ್ದು. ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಕೊಟ್ಟ ಮೇಲೆ ಆರು ತಿಂಗಳು ಕಾಯಬೇಕು. ಎಲ್ಲ ಇತ್ಯರ್ಥವಾಗಿ, ಬೇರೆಯಾಗಿ ಒಂದೂವರೆ ವರ್ಷ ದಾಟಿದ್ದರೆ ಆ ಆರು ತಿಂಗಳನ್ನು ಕೋರ್ಟು ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮಗೆ ಮನ್ನಾ ಆಯಿತು. ಆದರೆ 498ಎ ಇಬ್ಬರೂ ಒಪ್ಪಿದರೂ ಕೆಳಗಿನ ಕೋರ್ಟಿನಲ್ಲಿ ರಾಜಿಯಾಗುವ ಕಲಮಲ್ಲ, ಹೈಕೋರ್ಟೇ ರದ್ದು ಮಾಡಬೇಕು. ವಿಜಯಪುರಕ್ಕೆ ಕಲಬುರಗಿ ಪೀಠ, ಬಾಗಲಕೋಟೆ ಜಿಲ್ಲೆಗೆ ಧಾರವಾಡ. ಕೇಸು ಜಮಖಂಡಿ ಕಡೆಯದು, ಹೀಗಾಗಿ ಧಾರವಾಡಕ್ಕೆ ಹೋದೆವು. (ಈಗ ಅದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ.)

ನನಗೆ ಸಿಟ್ಟು ಬರುವುದು ಇಲ್ಲಿ. ಇದೇ ಮಾತುಕತೆ 2020ರಲ್ಲೇ, ಮೂರು ಕೇಸು ಬೀಳುವ ಮೊದಲೇ ಆಗಬಹುದಿತ್ತು. ಮಧ್ಯಸ್ಥಿಕೆ ಕೇಂದ್ರಗಳಲ್ಲಿ ಕೇಸು ಹಾಕುವ ಮೊದಲೇ ರಾಜಿ ಮಾಡುವ ವ್ಯವಸ್ಥೆ ಇರಲಿ, ಅದಕ್ಕೆ ವ್ಯಾಪಕ ಪ್ರಚಾರ ಕೊಡಿ ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು. ನನಗೆ ಆ ಪ್ರಚಾರ ತಲುಪಿದ್ದು ಕೋರ್ಟಿನ ಚಹಾ ಅಂಗಡಿಯಲ್ಲಿ, ಎರಡು ವರ್ಷ ಅಲೆದ ಮೇಲೆ. 2023ರಲ್ಲಿ ಮಧ್ಯಸ್ಥಿಕೆ ಕಾಯ್ದೆ ಅಂತಲೇ ಒಂದು ಬಂದಿದೆ. 120 ದಿನದಲ್ಲಿ ಮುಗಿಸಬೇಕು, ಇಬ್ಬರೂ ಒಪ್ಪಿದರೆ ಇನ್ನೂ 60 ದಿನ ಅಂತ ಅದರಲ್ಲಿ ಗಡುವಿದೆ.

ಹಾಗಾದರೆ ನಮ್ಮ ಹಿರಿಯರ ನ್ಯಾಯವೂ ಇದೇ ಅಲ್ಲವೇ ಅಂತ ನಮ್ಮ ಕಾಕಾ ಕೇಳಿದ. ಅಲ್ಲ ಕಾಕಾ. ನಿಮ್ಮ ಪಡಸಾಲೆಯಲ್ಲಿ ಆಕೆ ಬಾಗಿಲ ಹಿಂದೆ ಇದ್ದಳು, ಇಲ್ಲಿ ಖುರ್ಚಿಯ ಮೇಲಿದ್ದಳು. ನಿಮಗೆ ಮನೆತನದ ಹೆಸರು ಉಳಿಸಬೇಕಿತ್ತು. ಆ ವಕೀಲೆಗೆ ಉಳಿಸಲು ಏನೂ ಇರಲಿಲ್ಲ.

ಇನ್ನೊಂದು ಮಾತು. ಬಡಿತ ತಿನ್ನುತ್ತಿರುವ ಹೆಣ್ಣುಮಗಳಿಗೆ ಯಾರಾದರೂ ‘ಮಧ್ಯಸ್ಥಿಕೆಗೆ ಹೋಗು’ ಅಂತ ನನ್ನ ಈ ಬರಹ ತೋರಿಸಿದರೆ ನಾನು ಜವಾಬ್ದಾರಳಲ್ಲ. ನನ್ನ ತಮ್ಮ ಒಮ್ಮೆ ಕೈ ಎತ್ತಿದ್ದ, ನನ್ನೆದುರೇ. ಮುಚ್ಚಿಡುವುದಿಲ್ಲ. ಆದರೆ ದಿನಾ ಹೆದರಿಕೊಂಡು ಬದುಕುವವಳು ಗಂಡನೆದುರು ಕೂತು ಏನು ಚೌಕಾಶಿ ಮಾಡಿಯಾಳು? ಅಂಥವರಿಗೆ 181ಕ್ಕೆ ಫೋನ್ ಇದೆ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ. ಮೊದಲು ಜೀವ, ಆಮೇಲೆ ಟೇಬಲ್ಲು.

ವಕೀಲರ ಬಗ್ಗೆ ಬರೆದರೆ ನನ್ನ ಮೂವರು ವಕೀಲ ಮಿತ್ರರು ಬೈಯುತ್ತಾರೆ, ಆದರೂ ಬರೆಯುತ್ತೇನೆ. ಅಮೆರಿಕದ ಮಿನ್ನೆಸೋಟಾದಲ್ಲಿ ಸ್ಟುವರ್ಟ್ ವೆಬ್ ಅಂತ ಒಬ್ಬ ವಕೀಲ 1990ರಲ್ಲಿ, ಇನ್ನು ನಾನು ವಿಚ್ಛೇದನಕ್ಕಾಗಿ ಕೋರ್ಟಿಗೆ ಹೋಗುವುದಿಲ್ಲ, ಕೂತು ಬಗೆಹರಿಸುವುದಿದ್ದರಷ್ಟೇ ಬನ್ನಿ ಅಂದ. ಅದು ಈಗ ಒಂದು ಪದ್ಧತಿಯಾಗಿದೆ. ಗಂಡ, ಹೆಂಡತಿ, ಇಬ್ಬರ ವಕೀಲರು ನಾಲ್ಕೂ ಜನ ಸಹಿ ಹಾಕುತ್ತಾರೆ. ಮಾತು ಮುರಿದು ಕೋರ್ಟಿಗೆ ಹೋದರೆ ಆ ಇಬ್ಬರೂ ವಕೀಲರು ಕೇಸು ಬಿಡಬೇಕು, ಹೊಸಬರನ್ನು ಹಿಡಿಯಬೇಕು. ಅಂದರೆ ಜಗಳ ಮುಗಿದರೆ ವಕೀಲನಿಗೂ ಲಾಭ. ನಮ್ಮಲ್ಲಿ ತಾರೀಖಿಗೆ ಇಷ್ಟು ಅಂತ ಎಣಿಸುವಾಗ ಲಾಭ ಎಲ್ಲಿರುತ್ತದೆ ನೀವೇ ನೋಡಿ. ಇದಕ್ಕೆ ನಮ್ಮಲ್ಲಿ ಬೇರೆ ಕಾಯ್ದೆ ಇಲ್ಲ. ಆದರೆ ಇಬ್ಬರು ಒಳ್ಳೆಯ ವಕೀಲರು ಮನಸ್ಸು ಮಾಡಿದರೆ ಬೇಡ ಅನ್ನುವವರೂ ಯಾರಿಲ್ಲ.

ಕೇಸಿನ ಹೊಸ್ತಿಲಲ್ಲಿ ನಿಂತವರು ಮೊದಲು 15100ಕ್ಕೆ ಫೋನ್ ಮಾಡಿ, ಅಥವಾ ಜಿಲ್ಲಾ ಕೋರ್ಟಿನಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ಬಡಿಯಿರಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ನೆರವು ಪುಕ್ಕಟೆ.

ಈ ಸಂಕ್ರಮಣಕ್ಕೆ ತಮ್ಮನ ಮಗಳು ಜಾತ್ರೆಗೆ ಬಂದಿದ್ದಳು. ತಮ್ಮ ಆಕೆಯನ್ನು ಹೆಗಲ ಮೇಲೆ ಕೂಡಿಸಿಕೊಳ್ಳಲು ಹೋಗಿ, ಆಗದೆ, ನಕ್ಕು ಕೆಳಗಿಳಿಸಿದ. ಕೂಸು ಬೆಳೆದಿದೆ. ರಾತ್ರಿ ಅವಳವ್ವನ ಫೋನ್ ಬಂತು. ‘ಅಕ್ಕಾರ, ಆಕಿಗೆ ಮಿರ್ಚಿ ಭಜಿ ಕೊಡಸಬ್ಯಾಡ್ರಿ ಮತ್ತ, ಹೊಟ್ಟಿ ಕೆಡತೈತಿ.’ ಇಲ್ಲ ಅಂದೆ. ಅಷ್ಟರಲ್ಲಾಗಲೇ ಎರಡು ತಿಂದಿದ್ದಳು.