‘ಓದಾಕತ್ತೀನ್ರಿ’ ಅನ್ನುವ ಉತ್ತರ

ಹೋದ ಭಾನುವಾರ ಬೆಳಿಗ್ಗೆ ಪುಣೆಯ ನಮ್ಮ ಮನೆಯ ಬೆಲ್ ಆಯಿತು. ಬಾಗಿಲು ತೆಗೆದರೆ ಮೂರನೇ ಮಹಡಿಯ ಹುಡುಗ. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಒಳಗೆ ಹತ್ತಿಪ್ಪತ್ತು ಬಯೋಡೇಟಾ. “ಕಾಕಾ, ಮಾಝೀ ನೋಕರೀ ಗೇಲೀ. ಕುಠೇ ಅಸೇಲ್ ತರ್ ಸಾಂಗಾ” ಅಂದ. ಕೆಲಸ ಹೋಯಿತು, ಎಲ್ಲಾದರೂ ಇದ್ದರೆ ಹೇಳಿ ಅಂತ. ಮುಖದಲ್ಲಿ ಸಂಕೋಚವೇ ಇಲ್ಲ. ಒಂದು ಪ್ರತಿ ನನ್ನ ಕೈಗಿಟ್ಟು ಎದುರು ಮನೆಯ ಬೆಲ್ ಒತ್ತಿದ. ಸಂಜೆಯೊಳಗೆ ಇಡೀ ಬಿಲ್ಡಿಂಗಿಗೆ ಗೊತ್ತು. ಗುರುವಾರ ನೋಡಿದರೆ ಭೋಸರಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಹತ್ತಿದ್ದ.

ನನಗೆ ನೆನಪಾದವನು ಅಕ್ಕನ ಮಗ. ಪದವಿ ಮುಗಿಸಿ ಐದು ವರ್ಷ ಆಯಿತು. ಮನೆ ನವಲಗುಂದದಲ್ಲಿ, ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತ ಅವನಿರುವುದು ಧಾರವಾಡದ ಸಪ್ತಾಪುರದ ಒಂದು ರೂಮಿನಲ್ಲಿ. ಮೂರು ಮಂಚ, ನಾಲ್ಕು ಹುಡುಗರು. ಗೋಡೆಗೆ ಕರ್ನಾಟಕದ ನಕ್ಷೆ, ಪಕ್ಕದಲ್ಲಿ ಓದಿನ ಟೈಮ್‌ಟೇಬಲ್ಲು. ಅದರ ಅಂಚು ಹಳದಿಗಟ್ಟಿ ಸುರುಳಿ ಸುತ್ತಿದೆ. ದೀಪಾವಳಿಗೆ ಊರಿಗೆ ಹೋದಾಗ “ಏನ್ ಮಾಡಾಕತ್ತೀಪಾ?” ಅಂತ ಕೇಳಿದೆ. “ಓದಾಕತ್ತೀನ್ರಿ ಮಾಮಾ.” ಪುಣೆ ಹತ್ರ ಚಾಕಣದಾಗ ಕೆಲಸ ಐತಿ, ಬರ್ತೀಯೇನು ಅಂದೆ. ಅಕ್ಕ ಅಡುಗೆಮನೆಯಿಂದ ಓಡಿಬಂದಳು. “ಸುಮ್ನಿರೋ, ಮಂದಿ ಮುಂದ ಹಂಗನಬ್ಯಾಡ. ಹುಡುಗಗ ಕೆಲಸ ಇಲ್ಲ ಅಂತ ಊರೆಲ್ಲಾ ಆಗ್ತೈತಿ.”

ಕೆಲಸ ಇಲ್ಲದಿರುವುದು ನಿಜ ಅಲ್ವಾ? ಹೇಳಿದರೆ ಏನು ಹೋಗುತ್ತದೆ? ಹೇಳದಿದ್ದರೆ ಯಾರು ತಾನೇ ಕೆಲಸ ಹುಡುಕಿಕೊಟ್ಟಾರು?

ಬಾಯಿಬಿಟ್ಟು ಹೇಳದ್ದು ಸರ್ಕಾರದ ಲೆಕ್ಕಕ್ಕೂ ಸಿಗುವುದಿಲ್ಲ. ಉದ್ಯೋಗ-ನಿರುದ್ಯೋಗದ ಲೆಕ್ಕ ಹಾಕುವ ಕೇಂದ್ರ ಸರ್ಕಾರದ ಪಿಎಲ್‌ಎಫ್‌ಎಸ್ ಸಮೀಕ್ಷೆಯ ಪ್ರಕಾರ 2023-24ರಲ್ಲಿ ದೇಶದ ನಗರಗಳ ನಿರುದ್ಯೋಗ ದರ ಶೇ 5.1. ಅದರಲ್ಲಿ ನಿರುದ್ಯೋಗಿ ಎಂದರೆ ಕೆಲಸವಿಲ್ಲದೆ, ಕೆಲಸ ಹುಡುಕುತ್ತಿರುವವನು ಅಥವಾ ಸಿಕ್ಕರೆ ಮಾಡಲು ತಯಾರಿರುವವನು. ‘ಓದುತ್ತಿದ್ದೇನೆ, ಸದ್ಯ ಕೆಲಸ ಬೇಡ’ ಅಂದವನು ಆ ಲೆಕ್ಕದಿಂದಲೇ ಹೊರಗೆ. ಹುಬ್ಬಳ್ಳಿ-ಧಾರವಾಡ 2011ರ ಜನಗಣತಿಯಲ್ಲೇ ಒಂಬತ್ತು ಲಕ್ಷ ದಾಟಿದ ಊರು. ಅಲ್ಲಿ ನಿರುದ್ಯೋಗ ಏರಿತೋ ಇಳಿಯಿತೋ ತಿಳಿಯಬೇಕಾದರೆ ಸಪ್ತಾಪುರದ ರೂಮುಗಳ ಬಾಗಿಲು ತಟ್ಟಬೇಕು. ತಟ್ಟಿದರೂ ಸಿಗುವ ಉತ್ತರ ‘ಓದಾಕತ್ತೀನ್ರಿ’.

ಇದನ್ನೆಲ್ಲ ಹೆಂಡತಿಯ ಮುಂದೆ ಜೋರಾಗಿ ಹೇಳಿದೆ. ಅವಳು ಪುಣೆಯಲ್ಲೇ ಹುಟ್ಟಿ ಬೆಳೆದವಳು. “ಸದಾಶಿವ ಪೇಠೆಗೆ ಹೋಗಿ ನೋಡಿದ್ದೀರಾ?” ಅಂದಳು. ಹೋಗಿದ್ದೇನೆ. ಮಹಾರಾಷ್ಟ್ರದ ಸರ್ಕಾರಿ ನೌಕರಿಯ ಎಂಪಿಎಸ್‌ಸಿ ಪರೀಕ್ಷೆಗೆ ಓದುವ ಹುಡುಗರು ಅಲ್ಲಿಯೂ ಹಾಗೇ ವರ್ಷಗಟ್ಟಲೆ ಕೂತಿದ್ದಾರೆ. ನಮ್ಮ ಮೂರನೇ ಮಹಡಿಯವನದೂ ಗುತ್ತಿಗೆ ಕೆಲಸ, ಕಂಟ್ರಾಕ್ಟು ಮುಗಿದರೆ ಮತ್ತೆ ಫೈಲು ಹಿಡಿಯಬೇಕು. ವಾರದಲ್ಲಿ ಒಂದೇ ಒಂದು ಗಂಟೆ ದುಡಿದರೂ ಅದೇ ಸಮೀಕ್ಷೆಯ ವಾರದ ಲೆಕ್ಕದಲ್ಲಿ ಅವನು ಉದ್ಯೋಗಿ. ಇನ್ನು ನಮ್ಮ ಹುಡುಗ ಸುಮ್ನೆ ಕೂತವನೂ ಅಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ಬರೆದಿದ್ದ. ಅಕ್ರಮ ಬಯಲಾಗಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಎರಡು ವರ್ಷ ಮೂರು ತಿಂಗಳು. ಅಷ್ಟು ದಿನ ಅವನು ಓದುತ್ತಲೇ ಇರಬೇಕಿತ್ತು, ಬೇರೆ ದಾರಿ ಇರಲಿಲ್ಲ. ಆ ಮಾತನ್ನು ದೀಪಾವಳಿಯಲ್ಲಿ ನಾನು ಅವನಿಗೆ ಹೇಳಲಿಲ್ಲ.

ಆದರೂ ಆ ಭಾನುವಾರದ ಬೆಲ್ ಕಿವಿಯಿಂದ ಹೋಗುತ್ತಿಲ್ಲ. ನಿನ್ನೆ ರಾತ್ರಿ ಅವನಿಗೆ ಫೋನ್ ಮಾಡಿದೆ. ಒಂದು ಬಯೋಡೇಟಾ ಕಳಿಸು, ನಾಲ್ಕು ಮಂದಿಗೆ ಕೊಡ್ತೀನಿ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ದನಿ ತಗ್ಗಿಸಿ ಹೇಳಿದ.

“ಕಳಸ್ತೀನ್ರಿ ಮಾಮಾ. ಅವ್ವಗ ಮಾತ್ರ ಹೇಳಬ್ಯಾಡ್ರಿ.”